ನಗು ಹುಡುಕಿಕೊಂಡು ಹೊರಟ ಜೀಪು

ನಗಿಸುವ ಕೆಲಸದಲ್ಲಿರುವವನ ಬದುಕಿನಲ್ಲಿ ಸದಾ ನಗು ಇರುತ್ತದೆ ಎಂದು ಜನ ತಿಳಿದಿದ್ದಾರೆ. ನನ್ನ ಬದುಕಿನಲ್ಲಿ ಸದಾ ಇದ್ದದ್ದು ಎಡವಟ್ಟು. ಒಂದು ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಚಪ್ಪಲಿ ಕಳಚಿಟ್ಟು ಒಳಗೆ ಬಂದು ಕುಳಿತಿರುತ್ತಿತ್ತು. ಟಿ.ವಿ. ಕೇಂದ್ರವೊಂದರಲ್ಲಿ ಹಾಸ್ಯ ಕಾರ್ಯಕ್ರಮದ ನಿರ್ಮಾಪಕನಾಗಿ ನಾನು ತಲೆಗೂದಲು ಕಳೆದುಕೊಂಡೆ, ನಿದ್ದೆ ಕಳೆದುಕೊಂಡೆ. ಇಂದಿಗೂ ಯಾರಾದರೂ "ಒಂದು ಜೋಕ್ ಹೇಳಿ" ಎಂದರೆ ಬೆನ್ನು ನೋಯುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಕಡೆಯ ಹಳ್ಳಿಗಳಲ್ಲಿ ಟಿ.ವಿ. ಇನ್ನೂ ಪಂಚಾಯಿತಿಯ ಆಸ್ತಿ. ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು ಸಂಜೆಗೊಮ್ಮೆ ತೆಗೆಯುತ್ತಿದ್ದರು. ಆ ಪೆಟ್ಟಿಗೆಯೊಳಗಿಂದ ವಾರಕ್ಕೊಮ್ಮೆ ಜನರನ್ನು ನಗಿಸುವ ಹೊಣೆ ನನ್ನದು. ಆಳಂದದಲ್ಲಿ ತೊಗರಿಯ ಅಡತಿ ಅಂಗಡಿ ಇಟ್ಟಿದ್ದ ನನ್ನ ಸೋದರಮಾವನಿಗೆ ಈ ಉದ್ಯೋಗದ ಮೇಲೆ ಕೊನೆಯವರೆಗೂ ನಂಬಿಕೆ ಬರಲಿಲ್ಲ.

"ನಗಸೂದಕ್ಕ ಸರಕಾರ ಪಗಾರ ಕೊಡ್ತದೇನೋ?" ಎಂದು ಪ್ರತಿ ಸಲ ಕೇಳುತ್ತಿದ್ದ.

"ಅಳಸಾವ್ರಿಗೆ ಕೊಡ್ತದಲ್ಲ ಮಾವಾ, ನಗಸಾವ್ನಿಗೆ ಕೊಟ್ರ ತಪ್ಪೇನು?" ಎಂದು ನಾನೂ ಪ್ರತಿ ಸಲ ಅದನ್ನೇ ಹೇಳುತ್ತಿದ್ದೆ. ಆ ಮಾತಿಗೆ ಅವನು ಒಂದು ಸಲವೂ ನಗಲಿಲ್ಲ.

ಸಾಹೇಬರು ತಂದ ಹೊಸ ರೋಗ

ನಮ್ಮ ಕೇಂದ್ರದ ಮುಖ್ಯಸ್ಥರು ಮೈಸೂರು ಕಡೆಯವರು. ಸಂಸಾರವನ್ನು ಅಲ್ಲೇ ಬಿಟ್ಟು ಒಬ್ಬರೇ ಬಂದಿದ್ದರು. ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಕೆಟ್ಟವರಲ್ಲ, ಆದರೆ ಅವರು ನಕ್ಕಿದ್ದನ್ನು ಕೇಂದ್ರದಲ್ಲಿ ಯಾರೂ ನೋಡಿರಲಿಲ್ಲ. ಅನ್ನ ಸಾರು ಉಂಡು ಬೆಳೆದವರಿಗೆ ಎರಡೂ ಹೊತ್ತು ಜೋಳದ ರೊಟ್ಟಿ ಎದುರಾದರೆ ನಗು ಎಲ್ಲಿಂದ ಬರಬೇಕು ಎಂದು ನಾವೇ ಕನಿಕರಪಟ್ಟುಕೊಳ್ಳುತ್ತಿದ್ದೆವು. ಆದರೆ ಆಸಾಮಿ ಹಟವಾದಿ. ಈ ಸೀಮೆಯಲ್ಲಿದ್ದು ರೊಟ್ಟಿ ಕಲಿಯದೆ ಹೋಗುವುದು ಹೇಗೆ ಎಂದು ಮನೆಯಲ್ಲಿ ತಾವೇ ಹಿಟ್ಟು ನಾದಿ, ರೊಟ್ಟಿ ಬಡಿದು ಅಭ್ಯಾಸ ಮಾಡುತ್ತಿದ್ದರು. ಬೆಳಿಗ್ಗೆ ಕಚೇರಿಗೆ ಬಂದಾಗ ಒಮ್ಮೊಮ್ಮೆ ಕನ್ನಡಕಕ್ಕೆ ಹಿಟ್ಟು ಮೆತ್ತಿರುತ್ತಿತ್ತು. ಹೇಳುವ ಧೈರ್ಯ ಯಾರಿಗಿದೆ?

ಒಂದು ಸಲ ಅವರು ದೆಹಲಿಗೆ ತರಬೇತಿಗೆ ಹೋದರು. ಹೋಗುವಾಗ ಚೆನ್ನಾಗಿಯೇ ಹೋದರು. ಬರುವಾಗ ಒಂದು ರೋಗ ಹಚ್ಚಿಕೊಂಡು ಬಂದರು. ಹೊರದೇಶದ ಹಾಸ್ಯ ಕಾರ್ಯಕ್ರಮಗಳಲ್ಲಿ ಪ್ರತಿ ಮಾತಿನ ಹಿಂದೆ ಜನ ನಗುವ ಸದ್ದು ಹಾಕಿರುತ್ತಾರಂತೆ. ನಮ್ಮದರಲ್ಲಿ ಏಕಿಲ್ಲ ಎಂದು ಅವರ ಪ್ರಶ್ನೆ. ಆ ವಿದೇಶಿ ಟೇಪನ್ನೇ ತರಿಸಿ ಹಾಕೋಣ ಎಂದೆ.

"ಇಂಗ್ಲಿಷ್ ನಗು ನಮ್ಮೋರಿಗೆ ಯಾಕ್ರೀ? ನಮ್ಮ ಜನದ ನಗು ಬೇಕು. ಊರೂರಿಗೆ ಹೋಗಿ ಹಿಡ್ಕೊಂಡು ಬನ್ನಿ" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ದೀಪಾವಳಿಯೊಳಗೆ ನಿಮ್ಮ ಕಾರ್ಯಕ್ರಮದಲ್ಲಿ ನಗು ಕೇಳಿಸಬೇಕು. ಇಲ್ದಿದ್ರೆ ಅದನ್ನ ನಿಲ್ಲಿಸಿ ನಿಮ್ಮನ್ನ ಪೇಟೆ ಧಾರಣೆಗೆ ಹಾಕ್ತೀನಿ" ಎಂದರು.

ಪೇಟೆ ಧಾರಣೆ ಎಂದರೆ ತೊಗರಿ, ಜೋಳ, ಶೇಂಗಾದ ದಿನದ ದರ ಓದಿಸುವ ಕಾರ್ಯಕ್ರಮ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ, ಬೆಳೆದವನಿಗಂತೂ ಇರಲೇ ಇಲ್ಲ. ನನಗೆ ಭಯವಾಯಿತು. ಎಷ್ಟೇ ಗೊಣಗಿದರೂ ನನಗೆ ಗೊತ್ತಿದ್ದದ್ದು ಆ ಅರ್ಧ ಗಂಟೆಯ ಹಾಸ್ಯವೊಂದೇ. ಅದು ಹೋದರೆ ನಾನು ಯಾರು ಎಂದು ಹೇಳಿಕೊಳ್ಳಲು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

ಮೊದಲ ಪ್ರಯತ್ನ ನಮ್ಮ ಸ್ಟುಡಿಯೋದಲ್ಲೇ ಆಯಿತು. ನನ್ನ ಕಾರ್ಯಕ್ರಮದ ಮುಖ್ಯ ನಟ ಜೇವರ್ಗಿಯ ಶಾಲೆಯೊಂದರ ಮಾಸ್ತರರು. ಅವರ ಬತ್ತಳಿಕೆಯಲ್ಲಿದ್ದ ಒಳ್ಳೆಯ ಬಾಣವೆಂದರೆ ಹೆಣ್ಣು ನೋಡಲು ಬಂದವರ ಪ್ರಹಸನ. ಗಂಡಿನ ಕಡೆಯವರು ದಾರಿ ತಪ್ಪಿ ಪಕ್ಕದ ಮನೆಗೆ ನುಗ್ಗಿ, ಅಲ್ಲಿ ಕೊಟ್ಟ ಮಂಡಕ್ಕಿಯ ಸುಸಲಾ ತಿಂದು, ಅಲ್ಲಿದ್ದ ಹುಡುಗಿಯನ್ನೇ ಒಪ್ಪಿಕೊಂಡು ಬರುತ್ತಾರೆ. ಕಚೇರಿಯವರನ್ನೆಲ್ಲ ಕೂರಿಸಿ ಮಾಸ್ತರರು ಅದನ್ನು ಮಾಡಿ ತೋರಿಸಿದರು. ಎಲ್ಲರೂ ಮಾಸ್ತರರನ್ನು ಬಿಟ್ಟು ಸಾಹೇಬರ ಮುಖ ನೋಡಿದರು. ಸಾಹೇಬರು ಪೆನ್ಸಿಲ್ ಹಿಡಿದು ಗಂಭೀರವಾಗಿ ಕೇಳುತ್ತಿದ್ದರು. ಹಾಗಾಗಿ ಸಿಬ್ಬಂದಿಯೂ ಗಂಭೀರವಾಯಿತು. ಕೊನೆಗೆ ಅವರೇ ಬೇಸತ್ತು "ನಗ್ರೀ" ಎಂದರು. ಎಲ್ಲರೂ ಒಟ್ಟಿಗೆ ನಕ್ಕು ಒಟ್ಟಿಗೆ ನಿಲ್ಲಿಸಿದರು. ಟೇಪಿನಲ್ಲಿ ಅದು ಯಾರೋ ಶೇಂಗಾದ ಚೀಲ ನೆಲಕ್ಕೆ ಸುರಿದಂತೆ ಕೇಳಿಸಿತು.

ಆಳಂದದ ಮುತ್ಯಾ

ಮರುವಾರ ಸೌಂಡ್ ನೋಡಿಕೊಳ್ಳುವವರನ್ನೂ ಮಾಸ್ತರರನ್ನೂ ಜೀಪಿಗೆ ಹಾಕಿಕೊಂಡು ಆಳಂದಕ್ಕೆ ಹೋದೆ. ಮಾವ ತನ್ನ ಪಡಸಾಲೆಯಲ್ಲಿ ಓಣಿಯವರನ್ನೆಲ್ಲ ಸೇರಿಸಿದ್ದ. ಬಂದವರು ಇಸ್ತ್ರಿಯ ಬಟ್ಟೆ ತೊಟ್ಟು, ವಿಭೂತಿ ಇಟ್ಟುಕೊಂಡು, ಮದುವೆಯ ನಿಶ್ಚಯಕ್ಕೆ ಕುಳಿತಂತೆ ಕುಳಿತರು.

ಮಾಸ್ತರರು ಶುರು ಮಾಡಿದರು. ಗಂಡಿನವರು ಪಕ್ಕದ ಮನೆಗೆ ನುಗ್ಗುವ ಹೊತ್ತಿಗೆ ಬಾಗಿಲ ಮರೆಯಲ್ಲಿದ್ದ ಸೊಸೆಯಂದಿರ ಭುಜ ಅಲುಗತೊಡಗಿತು. ಆದರೆ ಅತ್ತೆ ನಗದೆ ಸೊಸೆ ನಗುವುದು ಹೇಗೆ? ಅವರು ಅತ್ತೆಯನ್ನು ನೋಡಿದರು. ಅತ್ತೆ ಗಂಡನನ್ನು, ಅಂದರೆ ನನ್ನ ಮಾವನನ್ನು ನೋಡಿದಳು. ಮಾವ ಅಂದು ಮನೆಗೆ ಬಂದಿದ್ದ ಬೀಗರನ್ನು ನೋಡಿದ. ಬೀಗರು ಓಣಿಗೇ ಹಿರಿಯರಾದ ಮುತ್ಯಾನನ್ನು ನೋಡಿದರು. ಲೋಡಿಗೆ ಒರಗಿ ಕುಳಿತಿದ್ದ ಮುತ್ಯಾ ಮಾತ್ರ ನಮ್ಮ ಟೇಪ್ ರೆಕಾರ್ಡರಿನ ಚಕ್ರ ತಿರುಗುವುದನ್ನೇ ನೋಡುತ್ತಿದ್ದರು. ಅವರಿಗೆ ಕಿವಿ ಕೇಳುತ್ತಿರಲಿಲ್ಲ.

ಪ್ರಹಸನ ಮುಗಿಯಿತು. ಒಬ್ಬ ಸೊಸೆ ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಓಡಿದಳು. ಅಡುಗೆಮನೆಯಲ್ಲಿ ಯಾವುದೋ ಪಾತ್ರೆ ಬಿದ್ದ ಸದ್ದಾಯಿತು. ನಮ್ಮ ಟೇಪಿಗೆ ಸಿಕ್ಕಿದ್ದು ಅದೊಂದೇ.

"ಮುತ್ಯಾ ನಗಲಿಲ್ಲಲ್ಲೋ. ನಾವು ಹ್ಯಾಂಗ ನಗೂದು?" ಎಂದ ಮಾವ, ತಪ್ಪು ನನ್ನದೇ ಎಂಬಂತೆ.

ನಾವು ಸಾಮಾನು ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಬಂದು ಚಹಾ ಕುಡಿಯುತ್ತಿದ್ದೆವು. ಮಾವ ಧೋತರ ಎತ್ತಿ ಹಿಡಿದು ಓಡಿ ಬಂದ. ಯಾರೋ ಮುತ್ಯಾನ ಕಿವಿಯಲ್ಲಿ ಕೂಗಿ ಕಥೆ ಹೇಳಿದ್ದರಂತೆ. "ಲಗೂ ಬರ್ರಿ, ಮುತ್ಯಾಗ ಈಗ ತಿಳದದ. ಇಡೀ ಓಣಿ ನಗಾಕತ್ತದ" ಎಂದ. ಚಹಾ ಅರ್ಧಕ್ಕೆ ಬಿಟ್ಟು ಜೀಪು ತಿರುಗಿಸಿದೆವು. ಹೋಗಿ ನೋಡಿದರೆ ಪಡಸಾಲೆಯಲ್ಲಿ ಸದ್ದೇ ಇಲ್ಲ. ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತ ತುಟಿ ಬಿಗಿದು ಕುಳಿತಿದ್ದರು. ನಕ್ಕು ನಕ್ಕು ಸುಸ್ತಾಗಿ ಮುತ್ಯಾ ನಿದ್ದೆ ಹೋಗಿದ್ದರು. ಹಿರಿಯರು ಮಲಗಿದಾಗ ನಗಬಾರದಂತೆ.

ರಾಕ್ಷಸನ ಕಿರುನಗೆ

ಮರ್ಯಾದೆಯ ಜನರಿಂದ ನಗು ಹುಟ್ಟುವುದಿಲ್ಲ, ನಗುವುದೇ ಕಸುಬಾದವರನ್ನು ಹಿಡಿಯೋಣ ಎಂದುಕೊಂಡೆ. ಅಫಜಲಪುರದ ಹತ್ತಿರ ಭೀಮಾ ದಂಡೆಯ ಊರೊಂದರಲ್ಲಿ ಬಯಲಾಟದಲ್ಲಿ ರಾಕ್ಷಸನ ಪಾತ್ರ ಮಾಡುವವರೊಬ್ಬರಿದ್ದರು. ಅವರು ಆ ದಂಡೆಯಲ್ಲಿ ನಕ್ಕರೆ ಈ ದಂಡೆಯ ನಾಯಿಗಳು ಬೊಗಳುತ್ತವೆ ಎಂದು ಪ್ರತೀತಿ. ಮನುಷ್ಯ ಮಾತ್ರ ಬಹಳ ಮೆತ್ತಗೆ. ನಮ್ಮನ್ನು ಕಂಡವರೇ ಕೈ ಮುಗಿದು, ಊಟ ಮಾಡಿಸಿ, ಎಲೆ ಅಡಿಕೆ ಕೊಟ್ಟು ಕೂರಿಸಿದರು.

ನಮಗೆ ರಾಕ್ಷಸನ ನಗು ಬೇಡ, ಸಣ್ಣದಾಗಿ, ಮನೆಯ ಜನ ನಕ್ಕಂತೆ ನಕ್ಕರೆ ಸಾಕು ಎಂದು ವಿವರಿಸಿದೆ. ಅವರು ಎರಡು ಸಲ ಪ್ರಯತ್ನಿಸಿದರು. ಕೆಮ್ಮು ಬಂತು.

"ಹಿಂಗ ಬರಂಗಿಲ್ರಿ" ಎಂದು ನಾಚಿಕೊಂಡರು. "ಕಿರೀಟ ಇರಬೇಕು, ಬಣ್ಣ ಇರಬೇಕು, ಕೈಯಾಗ ಕತ್ತಿ ಇರಬೇಕ್ರಿ. ಅದರಕಿಂತ ಮೊದಲ ಗಣಪತಿ ಪದ ಆಗಬೇಕು."

ಹೌದಪ್ಪ ಎಂದು ಒಪ್ಪಿಕೊಂಡೆವು. ಮೇಳದವರನ್ನು ಹೊಲದಿಂದ ಕರೆಸಿದರು. ಬಣ್ಣ ಹಚ್ಚುವುದರಲ್ಲಿ ಮಧ್ಯಾಹ್ನವೆಲ್ಲ ಕಳೆಯಿತು. ಗಣಪತಿ ಪದ ಮುಗಿಯಿತು. ಕತ್ತಿ ಎತ್ತಿ ಅವರು ನಕ್ಕರು ನೋಡಿ, ನಮ್ಮ ಸೌಂಡಿನವರು ಹೆಡ್‌ಫೋನ್ ಕಿತ್ತೆಸೆದು ಕಿವಿ ಮುಚ್ಚಿಕೊಂಡರು. ಇದಕ್ಕಿಂತ ಸಣ್ಣದಾಗಿ ಬರುತ್ತದೆಯೇ ಎಂದು ಕೇಳಿದೆ. ಇದೇ ಸಣ್ಣದು ಎಂದರು.

ಬೇರೆ ದಾರಿ ಕಾಣದೆ ಅದನ್ನೇ ತಂದು, ಸದ್ದು ತಗ್ಗಿಸಿ, ಹೆಣ್ಣು ನೋಡುವ ಪ್ರಹಸನದ ಹಿಂದೆ ಸೇರಿಸಿ ಪ್ರಸಾರ ಮಾಡಿದೆವು. ಹುಡುಗಿ ಸುಸಲಾದ ತಟ್ಟೆ ಹಿಡಿದು ಬಂದಾಗೆಲ್ಲ ಹಿಂದಿನಿಂದ ಯಾರೋ ಅವಳನ್ನು ತಿನ್ನಲು ಹೊರಟಂತೆ ಕೇಳಿಸಿತು. ಮರುದಿನ ಸಾಹೇಬರು ನನ್ನನ್ನು ಕರೆಸಿದರು. ಅವರ ಮನೆ ಮಾಲೀಕರ ಎಮ್ಮೆಯನ್ನು ಟಿ.ವಿ. ಇದ್ದ ಕೋಣೆಯ ಕಿಟಕಿಯ ಪಕ್ಕದಲ್ಲೇ ಕಟ್ಟುತ್ತಿದ್ದರಂತೆ. ಹಿಂದಿನ ಸಂಜೆಯಿಂದ ಅದು ಹಾಲು ಕೊಟ್ಟಿರಲಿಲ್ಲ.

"ಬೆಳಿಗ್ಗೆಯಿಂದ ಕರೀ ಟೀ ಕುಡೀತಿದೀನಿ ಕಣ್ರೀ" ಎಂದರು. ಅಷ್ಟನ್ನೇ ಹೇಳಿ ಕಳುಹಿಸಿದರು.

ಜೇವರ್ಗಿಯ ಸಮಾರಂಭ

ಮಾಸ್ತರರಿಗೆ ಅವಮಾನವಾಗಿತ್ತು. ತಮ್ಮ ಪ್ರಹಸನವನ್ನು ರಾಕ್ಷಸ ಹಾಳು ಮಾಡಿದ ಎಂದು ಅವರ ದೂರು. "ನಮ್ಮ ಜೇವರ್ಗಿಗಿ ಬರ್ರಿ, ನಮ್ಮ ಮಂದಿ ಹ್ಯಾಂಗ ನಗ್ತಾರ ನೋಡ್ರಿ" ಎಂದು ಕರೆದರು. ಒಂದು ಕೋಣೆಯಲ್ಲಿ ನಾಲ್ಕು ಜನರನ್ನು ಕೂರಿಸಿದರೆ ಸಾಕು ಎಂದು ಹೇಳಿ ಕಳುಹಿಸಿದ್ದೆ. ಹೋಗಿ ನೋಡಿದರೆ ಶಾಲೆಯ ಮೈದಾನದಲ್ಲಿ ಪೆಂಡಾಲು, ವೇದಿಕೆ, ಹಾರಗಳು. ಮೇಲೆ ದೊಡ್ಡ ಅಕ್ಷರದಲ್ಲಿ "ನಗೆ ಧ್ವನಿಮುದ್ರಣ ಸಮಾರಂಭ" ಎಂದು ಬರೆದ ಬಟ್ಟೆ.

ಆಮೇಲೆ ಎಲ್ಲ ಕ್ರಮವಾಗಿ ನಡೆಯಿತು. ಪ್ರಾರ್ಥನೆಯಾಯಿತು. ಸ್ವಾಗತವಾಯಿತು. ನನಗೆ ಹಾರ ಹಾಕಿದರು, ಸೌಂಡಿನವರಿಗೆ ಹಾಕಿದರು, ಜೀಪಿನ ಡ್ರೈವರನಿಗೂ ಹಾಕಿದರು. ನಿವೃತ್ತ ಹೆಡ್ ಮಾಸ್ತರರೊಬ್ಬರು ಜೀವನದಲ್ಲಿ ನಗುವಿನ ಮಹತ್ವ ಎಂಬ ವಿಷಯವಾಗಿ ಮಾತನಾಡಿದರು. ಮಿತಿ ಮೀರಿ ನಗುವುದು ದೇಹಕ್ಕೂ ಗೌರವಕ್ಕೂ ಒಳ್ಳೆಯದಲ್ಲ ಎಂಬುದು ಅವರ ಮಾತಿನ ಸಾರ. ಅಧ್ಯಕ್ಷರು ಅದನ್ನು ಒಪ್ಪಿ ಇನ್ನಷ್ಟು ವಿಸ್ತರಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ಮಾಸ್ತರರ ಸರದಿ ಬಂತು.

ಮಾಸ್ತರರು ಎದ್ದು ನಿಂತ ಕೂಡಲೇ ಇಡೀ ಸಭೆಯೂ ಎದ್ದು ನಿಂತಿತು. ಅರ್ಧ ಊರಿಗೆ ಅಕ್ಷರ ಕಲಿಸಿದವರು, ಉಳಿದರ್ಧದ ಮಕ್ಕಳಿಗೆ ಕಲಿಸುತ್ತಿದ್ದವರು. ಅವರು ಕೂತುಕೊಳ್ಳಿ ಎಂದ ಮೇಲೆ ಕೂತರು. ಅಂದು ಮಾಸ್ತರರು ಮೈಮರೆತು ಅಭಿನಯಿಸಿದರು. ಗಂಡಿನ ತಂದೆಯಾದರು, ತಾಯಿಯಾದರು, ನಾಚುವ ಹುಡುಗಿಯಾದರು. ನಿಜ ಹೇಳುತ್ತೇನೆ, ನೂರು ಸಲ ನೋಡಿದ್ದ ನನಗೇ ನಗು ಬಂತು. ಸಭೆ ಮಾತ್ರ ಕೈ ಕಟ್ಟಿಕೊಂಡು ಪಾಠ ಕೇಳಿತು. ಮುಂದಿನ ಸಾಲಿನ ಗೌಡರೊಬ್ಬರನ್ನು ನಗಬಾರದೇ ಎಂದು ಪಿಸುಗುಟ್ಟಿದೆ.

"ಮಾಸ್ತರ ಮುಂದ ನಗೂದಂದ್ರ ಹ್ಯಾಂಗ್ರಿ? ನಮ್ಮ ಹುಡುಗರು ಇನ್ನೂ ಅವರ ಕೈಯಾಗೇ ಅದಾವು" ಎಂದರು ಅವರು.

ಕೊನೆಯಲ್ಲಿ ವಂದನಾರ್ಪಣೆ. ತಮ್ಮನ್ನೆಲ್ಲ ಮನಸಾರೆ ನಗಿಸಿದ ಮಾಸ್ತರರಿಗೂ, ಆದಿಯಿಂದ ಅಂತ್ಯದವರೆಗೆ ಒಂಚೂರೂ ಸದ್ದು ಮಾಡದೆ ಕುಳಿತು ಧ್ವನಿಮುದ್ರಣಕ್ಕೆ ಸಹಕರಿಸಿದ ಸಭಿಕರಿಗೂ ವಂದನೆ ಸಲ್ಲಿಸಿದರು.

ಮಾಡಿಟ್ಟ ಸುಸಲಾ

ಹೋದೆಯಾ ಪುಟ್ಟ, ಬಂದೆಯಾ ಪುಟ್ಟ ಎಂಬಂತೆ ಜೀಪು ತಿರುಗುತ್ತಲೇ ಇತ್ತು. ದೀಪಾವಳಿ ಹತ್ತಿರ ಬಂತು. ಮಾವನಿಗೆ ವಿಷಯ ತಿಳಿದು, ಪೇಟೆ ಧಾರಣೆ ಆದರೆ ಒಳ್ಳೆಯದೇ ಆಯಿತು, ಅದನ್ನಾದರೂ ಜನ ನೋಡುತ್ತಾರೆ ಎಂದು ಹೇಳಿ ಕಳುಹಿಸಿದ್ದ. ನಾನು ನಡುಗುವುದನ್ನೂ ಬಿಟ್ಟು, ಆದದ್ದಾಗಲಿ ಎಂಬಲ್ಲಿಗೆ ಬಂದಿದ್ದೆ. ಆಗ ಸೌಂಡಿನವರೇ ಒಂದು ದಾರಿ ಹೇಳಿದರು. ಜನರೆದುರು ನಾವು ಹೋಗಿ ನಿಲ್ಲುವುದೇ ತಪ್ಪು. ಅವರು ತಮ್ಮ ಪಾಡಿಗೆ ಟಿ.ವಿ. ನೋಡುವಾಗ ಹಿಂದೆ ಕುಳಿತು ಮುದ್ರಿಸಿಕೊಳ್ಳೋಣ.

ಹೀಗೆ ಮಾದನಹಿಪ್ಪರಗಾಕ್ಕೆ ಹೋದೆವು. ಸಂಜೆ ಪಂಚಾಯಿತಿ ಕಟ್ಟೆಯ ಮುಂದೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕುಳಿತರು. ಎಲ್ಲರಿಗೂ ಮುಂದೆ ಊರಿಗೇ ಹಿರಿಯಳಾದ ಒಬ್ಬ ಅಜ್ಜಿ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಕಿವಿ ಕೇಳುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಂಡೆ. ಚುರುಕಾಗಿವೆ ಎಂದರು.

ಪೆಟ್ಟಿಗೆಯ ಬೀಗ ತೆಗೆದರು. ನನ್ನ ಕಾರ್ಯಕ್ರಮ ಬಂತು. ಮೊದಲೇ ಮುದ್ರಿಸಿಟ್ಟಿದ್ದ ಅದೇ ಪ್ರಹಸನ, ಈ ಸಲ ರಾಕ್ಷಸನಿಲ್ಲದೆ. ಜನ ಕಣ್ಣು ಕದಲಿಸದೆ ನೋಡಿದರು. ಯಾರೂ ನಗಲಿಲ್ಲ. ಮುಗಿದ ಮೇಲೆ ಆಯಿ ದೊಡ್ಡದೊಂದು ನಿಟ್ಟುಸಿರು ಬಿಟ್ಟು ಹೇಳಿದಳು:

"ಪಾಪ, ಆ ಖರೇ ಮನಿಯವ್ರು ಬೀಗರು ಬರ್ತಾರಂತ ಸುಸಲಾ ಮಾಡಿಟ್ಕೊಂಡು ಕುಂತಿದ್ರು. ಅದೆಲ್ಲಾ ಏನು ಮಾಡಿದ್ರೋ ಏನೋ."

ಹೆಂಗಸರ ಕಡೆಯಿಂದ ಲೊಚ್ಚಗುಟ್ಟಿದ ಸದ್ದು ಬಂತು. ಆ ಹುಡುಗಿಗೆ ಮುಂದೆ ಗಂಡು ಸಿಕ್ಕಿತೇ ಎಂದು ಗಂಡಸರೊಬ್ಬರು ನನ್ನನ್ನು ಕೇಳಿದರು. ಸಿಕ್ಕಿತು, ಒಳ್ಳೆಯ ಮನೆತನ ಎಂದೆ. ಎಲ್ಲರಿಗೂ ಸಮಾಧಾನವಾಯಿತು. ನನ್ನ ಹಾಸ್ಯ ವೃತ್ತಿ ಅಲ್ಲಿಗೆ ಮುಗಿಯಿತು ಎಂದು ತಿಳಿದು ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ.

ನನ್ನ ನಂತರದ್ದು ಮಹಿಳೆಯರ ಕಾರ್ಯಕ್ರಮ, ಸ್ಟುಡಿಯೋದಿಂದ ನೇರ ಪ್ರಸಾರ. ಅಂದು ಜೋಳದ ರೊಟ್ಟಿ ಮಾಡಿ ತೋರಿಸಲು ಒಬ್ಬ ತಾಯಿ ಬರಬೇಕಿತ್ತು. ಬಸ್ಸು ಕೆಟ್ಟು ಅವರು ದಾರಿಯಲ್ಲೇ ಉಳಿದರು ಎಂದು ಆಮೇಲೆ ತಿಳಿಯಿತು. ಒಲೆ, ಹಂಚು, ಹಿಟ್ಟು, ಬಿಸಿನೀರು ಎಲ್ಲ ಸಿದ್ಧವಾಗಿತ್ತು. ಬಡಿಯುವವರು ಮಾತ್ರ ಇರಲಿಲ್ಲ. ಕಣ್ಣು ತೆರೆದು ನೋಡುತ್ತೇನೆ, ಪರದೆಯ ಮೇಲೆ ನಮ್ಮ ಸಾಹೇಬರು. ಟೈ ಕಟ್ಟಿಕೊಂಡಿದ್ದರು. ಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟು, ಅಂಗಿಯ ತೋಳು ಮಡಿಸಿ, "ರೊಟ್ಟಿ ಬಡಿಯುವುದು ಬಹಳ ಸುಲಭ" ಎಂದು ಆರಂಭಿಸಿದರು.

ಹಿಟ್ಟಿಗೆ ನೀರು ಹೆಚ್ಚಾಯಿತು. ನೀರಿಗೆ ಹಿಟ್ಟು ಹೆಚ್ಚಾಯಿತು. ಒಂದು ರೊಟ್ಟಿಯ ಹಿಟ್ಟು ನಾಲ್ಕು ಮನೆಗಾಗುವಷ್ಟಾಯಿತು. ಬಡಿಯತೊಡಗಿದರೆ ಮೈಕಿನಲ್ಲಿ ಗುಡುಗಿದಂತೆ ಸದ್ದು. ಎತ್ತಿದರೆ ಅರ್ಧ ರೊಟ್ಟಿ ಮಣೆಯ ಮೇಲೇ ಉಳಿಯಿತು, ಉಳಿದರ್ಧ ಟೈಗೆ ಅಂಟಿಕೊಂಡಿತು. "ಹೀಗೆ ಮುರಿದರೆ ಗಾಬರಿಯಾಗಬಾರದು" ಎನ್ನುತ್ತ ಅವರು ಟೈಯನ್ನೇ ಹಂಚಿನ ಮೇಲೆ ಬಾಗಿಸಿದರು.

"ಅಯ್ಯ ನನ್ನ ಶಿವನೇ" ಎಂದಳು ಆಯಿ. "ಆ ರೊಟ್ಟಿ ಪಾಪ ಏನು ತಪ್ಪು ಮಾಡಿತ್ತೋ."

ಹೇಳಿದವಳೇ ನಕ್ಕಳು. ಕೀರಲು ದನಿಯ, ಕೊನೆಯಲ್ಲಿ ಕೆಮ್ಮಿಗೆ ತಿರುಗುವ ನಗು. ಆಯಿ ನಕ್ಕಿದ್ದೇ ತಡ, ಕೆರೆ ಒಡೆದಂತೆ ಊರೆಲ್ಲ ನಕ್ಕಿತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಗಂಡಸರು ಪೇಟ ಬಿಚ್ಚಿ ಕಣ್ಣು ಒರೆಸಿಕೊಂಡರು. ಸಾಹೇಬರ ಹೆಂಡತಿ ತವರಿಗೆ ಹೋಗಿರಬೇಕು ಎಂದು ಯಾರೋ ಕೂಗಿದರು, ಮತ್ತೆ ನಕ್ಕರು. ನಮ್ಮ ಸೌಂಡಿನವರು ನನ್ನನ್ನು ಕೇಳದೆಯೇ ಟೇಪು ಚಾಲೂ ಮಾಡಿದ್ದರು.

ತಿಂಗಳುಗಟ್ಟಲೆ ಹುಡುಕಿದ ನಗು ಸಿಕ್ಕಿತ್ತು. ಯಾರ ಮೇಲೆ ಸಿಗಬಾರದಿತ್ತೋ ಅವರ ಮೇಲೆ ಸಿಕ್ಕಿತ್ತು.

ದೊಡ್ಡವರು ನಕ್ಕ ಮ್ಯಾಲ

ಮಾತೆಲ್ಲ ಕತ್ತರಿಸಿ ಬರೀ ನಗು ಉಳಿಸಿದ ಟೇಪು ಕೇಳಿ ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ಇದು ಕಣ್ರೀ ನಗು, ನಮ್ಮ ಜನದ ನಗು ಎಂದರು. ಯಾವ ಜೋಕಿಗೆ ಹೀಗೆ ನಕ್ಕರು ಎಂದು ಕೇಳಿದಾಗ ನಾನು ಸೌಂಡಿನವರ ಮುಖ ನೋಡಿದೆ. ಸೌಂಡಿನವರು ತಟ್ಟನೆ ಸುಸಲಾ ಜೋಕಿಗೆ ಎಂದುಬಿಟ್ಟರು. ಸಾಹೇಬರು ಸ್ವಲ್ಪ ಸಂಕೋಚದಿಂದ, "ಅವತ್ತು ನನ್ನ ರೊಟ್ಟಿನೂ ನೋಡಿದ್ರಾ?" ಎಂದರು.

"ನೋಡಿದ್ರಿ ಸರ್. ಇಡೀ ಊರೇ ನೋಡಿತ್ರಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ.

ಕಾರ್ಯಕ್ರಮ ಉಳಿಯಿತು. ದೀಪಾವಳಿಯ ಹೊತ್ತಿಗೆ ನನ್ನ ಹಾಸ್ಯದ ತುಂಬ ಮಾದನಹಿಪ್ಪರಗಾ ನಗುತ್ತಿತ್ತು. ಆದರೆ ಸಾಹೇಬರ ಕಿವಿ ಸೂಕ್ಷ್ಮ. ಪ್ರತಿ ವಾರ ಅದೇ ಅಜ್ಜಿ ನಕ್ಕು ಅದೇ ಜಾಗದಲ್ಲಿ ಕೆಮ್ಮುತ್ತಾಳೆ ಎಂದು ಕಂಡುಹಿಡಿದರು. ಹೊಸ ನಗು ತರೋಣ, ಈ ಸಲ ನಾನೂ ಬರುತ್ತೇನೆ, ಆ ಜೋಕಿಗೆ ಆ ಜನ ಹೇಗೆ ನಗುತ್ತಾರೆ ನೋಡಬೇಕು ಎಂದರು. ರಸ್ತೆ ಸರಿಯಿಲ್ಲ ಎಂದೆ. ಬಿಸಿಲು ಹೆಚ್ಚು ಎಂದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಒಂದು ದಿನ ಜೀಪಿನ ಮುಂದಿನ ಸೀಟಿನಲ್ಲಿ ಸಾಹೇಬರು, ಹಿಂದೆ ಮಾಸ್ತರರು, ಸೌಂಡಿನವರು, ಜೀವ ಕೈಯಲ್ಲಿ ಹಿಡಿದ ನಾನು.

ಕಟ್ಟೆಯ ಮುಂದೆ ಊರು ಸೇರಿತು. ಸಾಹೇಬರು ಜೀಪಿನಿಂದ ಇಳಿದ ಕೂಡಲೇ ಎಲ್ಲರ ಮುಖದ ಮೇಲೂ ಒಂದೇ ಸಲ ಏನೋ ಹೊಳೆಯಿತು, ಒಂದೇ ಸಲ ಎಲ್ಲರೂ ತಲೆ ತಗ್ಗಿಸಿದರು. ಮಾಸ್ತರರು ಪ್ರಹಸನ ಮಾಡಿದರು. ನಗು ಬರಲಿಲ್ಲ. ಯಾರೂ ಮಾಸ್ತರರನ್ನು ನೋಡುತ್ತಲೇ ಇರಲಿಲ್ಲ. ಕದ್ದು ಕದ್ದು ಸಾಹೇಬರ ಟೈ ನೋಡುತ್ತಿದ್ದರು.

"ಎಲ್ರೀ ನಗು?" ಎಂದು ಸಾಹೇಬರು ನನ್ನ ಕಡೆ ತಿರುಗಿದರು. ಪೇಟೆ ಧಾರಣೆ ನನ್ನ ಕಣ್ಣ ಮುಂದೆ ಬಂದು ನಿಂತಿತು.

ಅಷ್ಟರಲ್ಲಿ ಆಯಿ, ಬಂದವರು ಉಣದೆ ಹೋಗಬಾರದು ಎಂದು ನಮ್ಮನ್ನು ತನ್ನ ಅಂಗಳಕ್ಕೆ ಕರೆದೊಯ್ದಳು. ಊರೂ ಹಿಂದೆಯೇ ಬಂತು. ಅಂಗಳದ ಒಲೆಯ ಮುಂದೆ ಅವಳ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಿ ಸಾಹೇಬರನ್ನು ನೋಡಿದಳು. ಬಡಿಯುತ್ತಿದ್ದ ಕೈ ಹಾಗೇ ನಿಂತಿತು. ಮುಖ ಕೆಂಪಾಗಿ, ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು.

ಸಾಹೇಬರಿಗೆ ಖುಷಿಯಾಯಿತು. "ನನ್ನ ಕಾರ್ಯಕ್ರಮ ನೋಡಿದೀರಿ ಅಂತ ಕಾಣುತ್ತೆ. ಹೇಗಿತ್ತು?" ಎಂದರು.

ಗಂಡಸರು ಆಕಾಶ ನೋಡಿದರು, ಹೆಂಗಸರ ಸೆರಗೆಲ್ಲ ಬಾಯಿಗೆ ಹೋಯಿತು. ಒಬ್ಬರ ಮೂಗಿನಿಂದ ವಿಚಿತ್ರವಾದ ಸದ್ದು ಬಂತು. ನಾನು ಟೇಪ್ ರೆಕಾರ್ಡರಿನ ಹಿಂದೆ ಸರಿದು ನಿಂತೆ.

"ಯಾಕಮ್ಮಾ, ಯಾರೂ ಮಾತಾಡಲ್ಲ?" ಎಂದು ಸಾಹೇಬರು ಆಯಿಯನ್ನು ಕೇಳಿದರು.

ಆಯಿ ಅವರ ಮುಂದೆ ಬಂದು ಕೈ ಮುಗಿದಳು. ಅವಳ ತುಟಿಯೂ ನಡುಗುತ್ತಿತ್ತು.

"ದೊಡ್ಡವ್ರು ನಗಲಾರ್ದ ಸಣ್ಣವ್ರು ನಗಬಾರದ್ರಿ ಸಾಹೇಬ್ರ. ಇವತ್ತ ನಮ್ಮ ಊರಾಗ ನೀವೇ ದೊಡ್ಡವ್ರು. ನೀವೊಂದು ಸಲ ನಕ್ಕುಬಿಡ್ರಿ. ಮಂದಿ ಭಾಳ ಹೊತ್ತಿನಿಂದ ತಡಕೊಂಡದ."

ಸಾಹೇಬರು ಆಯಿಯನ್ನು ನೋಡಿದರು. ಹಿಟ್ಟಿನ ಕೈ ಬಾಯಿಗಿಟ್ಟ ಸೊಸೆಯನ್ನು ನೋಡಿದರು. ಆಮೇಲೆ ನಿಧಾನವಾಗಿ ತಮ್ಮ ಟೈ ನೋಡಿಕೊಂಡರು. ಕೀರಲು ನಗು, ಕೆಮ್ಮು, ಸುಸಲಾ ಜೋಕು ಎಲ್ಲ ಒಂದಕ್ಕೊಂದು ಕೂಡುತ್ತಿರುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಅಷ್ಟು ದಣಿದಿದ್ದೆ, ಬೈದರೆ ಬೈಯಲಿ, ಮನೆಗೆ ಹೋಗಿ ಮಲಗಿದರೆ ಸಾಕು ಅನ್ನಿಸಿತು.

ಆಗ ಒಂದು ಸದ್ದು ಕೇಳಿಸಿತು. ತುಕ್ಕು ಹಿಡಿದ ಬಾಗಿಲು ತೆರೆದಂತೆ ಮೊದಲು ಸಣ್ಣದಾಗಿ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟು. ಸಾಹೇಬರು ನಗುತ್ತಿದ್ದರು. ಅವರು ನಕ್ಕ ಮೇಲೆ ಆಯಿ, ಆಯಿ ನಕ್ಕ ಮೇಲೆ ಸೊಸೆ, ಆಮೇಲೆ ಊರು. ಮರದ ಕಾಗೆಗಳೆಲ್ಲ ಎದ್ದು ಹಾರಿದವು. ಮಾಸ್ತರರೂ ನಕ್ಕರು. ಎಷ್ಟೋ ವರ್ಷದ ಮೇಲೆ ನಾನೂ ಮನಬಿಚ್ಚಿ ನಕ್ಕೆ.

ಉಂಡು ಹೊರಟೆವು. ಜೀಪಿನಲ್ಲಿ ಸಾಹೇಬರು ರಸ್ತೆಯನ್ನೇ ನೋಡುತ್ತ ಕುಳಿತರು. ಆಳಂದ ದಾಟಿತು. ಆ ಅಂಗಳದಲ್ಲಿ ನಕ್ಕಿದ್ದು ಬೇರೆ, ನಾಳೆ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತ ಮೇಲೆ ಬೇರೆ. ಹಿಂದೆ ಕುಳಿತ ನಾನು ತೊಗರಿಯ ದರವನ್ನು ಮನಸ್ಸಿನಲ್ಲೇ ಓದಿ ನೋಡಿಕೊಳ್ಳುತ್ತಿದ್ದೆ. ಕಡಗಂಚಿ ಹತ್ತಿರ ಬಂದಾಗ ಅವರು ಮುಂದೆ ನೋಡುತ್ತಲೇ ಕೇಳಿದರು:

"ಟೇಪು ಓಡ್ತಿತ್ತೇನ್ರೀ?"

"ಓಡ್ತಿತ್ರಿ ಸರ್" ಎಂದೆ. ಸುಳ್ಳು ಹೇಳಲು ಶಕ್ತಿ ಇರಲಿಲ್ಲ.

"ಚೆನ್ನಾಗಿ ಬಂದಿದೆಯಾ?"

"ಬಂದದ್ರಿ."

ಅವರು ಕನ್ನಡಕ ತೆಗೆದು, ಟೈಯಿಂದಲೇ ಒರೆಸಿ, ಮತ್ತೆ ಹಾಕಿಕೊಂಡರು.

"ಹಾಗಿದ್ರೆ ಒಂದು ಕೆಲಸ ಮಾಡಿ. ಆ ಬಸ್ಸು ಕೆಟ್ಟ ತಾಯಿಗೆ ಬರೋದು ಬೇಡ ಅಂತ ಹೇಳಿ ಕಳ್ಸಿ" ಎಂದರು. "ಮುಂದಿನ ವಾರ ನಾನು ಶೇಂಗಾ ಹೋಳಿಗೆ ಮಾಡ್ತೀನಿ."